ಎಳೆಗೂಸಿನ ಎದೆಯ ಎಕ್ಸ್‌ರೇ: ಒಂದೇ ಸಲಕ್ಕೆ ಸರಿಯಾಗಿ ತೆಗೆಯುವುದು ಹೇಗೆ?

ತಿಂಗಳು ತುಂಬುವ ಮೊದಲೇ ಹುಟ್ಟಿ ಐಸಿಯು ಸೇರಿದ ಮಗುವಿಗೆ ಎದೆಯ ಎಕ್ಸ್‌ರೇ ಮೇಲಿಂದ ಮೇಲೆ ಬೇಕಾಗಬಹುದು. ಅಪ್ಪ ಅಮ್ಮ ಹೆದರುವುದು ಸಹಜ. ಆದರೆ ಸರಿಯಾಗಿ ತೆಗೆದ ಒಂದು ಎಕ್ಸ್‌ರೇಯಿಂದ ಮಗುವಿಗೆ ತಗಲುವ ವಿಕಿರಣ ಸಾಮಾನ್ಯವಾಗಿ 0.01ರಿಂದ 0.03 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಮಾತ್ರ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಅಂದರೆ ಇದು ಹೆಚ್ಚೆಂದರೆ ನಾಲ್ಕೈದು ದಿನದ ಲೆಕ್ಕ ಅಷ್ಟೆ.

ನನಗೆ ಹೊಟ್ಟೆ ಉರಿಯುವುದು ಅದೇ ಮಗುವಿಗೆ ಎರಡನೇ ಸಲ ತೆಗೆಯುವಾಗ. ಮೊದಲನೆಯದು ಕೆಟ್ಟಿತು ಅಂತ ಮತ್ತೊಂದು. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಎಕ್ಸ್‌ರೇ ಚಿತ್ರ ಮೂಡುವ ಪ್ಲೇಟನ್ನು ಒರೆಸಿ, ಶುಭ್ರವಾದ ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ ಮಗುವಿನ ಕೆಳಗಿಡಿ. ತಣ್ಣನೆಯ ಪ್ಲೇಟ್ ಬೆನ್ನಿಗೆ ತಾಕಿದರೆ ಮಗು ಬೆಚ್ಚಿ ಒದ್ದಾಡುತ್ತದೆ.

ಈಗ ಮಗುವನ್ನು ಮಲಗಿಸುವುದು. ಇಲ್ಲೇ ಎಲ್ಲರೂ ಅವಸರ ಮಾಡುವುದು. ತಲೆ ನೇರವಾಗಿರಬೇಕು, ಎರಡೂ ಭುಜ ಒಂದೇ ಮಟ್ಟದಲ್ಲಿರಬೇಕು, ಸೊಂಟ ತಿರುಚಿರಬಾರದು. ತಲೆ ಒಂದು ಕಡೆ ವಾಲಿದರೆ ಎದೆಯೂ ಜೊತೆಗೆ ತಿರುಗುತ್ತದೆ, ಹೃದಯ ಜಾಗ ಬದಲಿಸಿದಂತೆ ಕಾಣುತ್ತದೆ. ಉಸಿರಾಟದ ಟ್ಯೂಬ್ ಇದ್ದರೆ ಗದ್ದದ ಮೇಲೆ ಕಣ್ಣಿಡಿ. ಗದ್ದ ಎದೆಯ ಕಡೆ ಬಾಗಿದರೆ ಟ್ಯೂಬಿನ ತುದಿ ಕೆಳಗೆ ಇಳಿಯುತ್ತದೆ, ಕತ್ತು ಹಿಂದಕ್ಕೆ ಹೋದರೆ ಮೇಲೇರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ಶ್ವಾಸನಾಳವೇ ಸುಮಾರು 4 ಸೆಂ.ಮೀ. ಉದ್ದ, ಅಲ್ಲಿ ಅರ್ಧ ಸೆಂ.ಮೀ. ಕೂಡ ದೊಡ್ಡ ವ್ಯತ್ಯಾಸ ಅಲ್ವಾ? ಇಸಿಜಿ ವೈರುಗಳನ್ನು, ಟೆಂಪರೇಚರ್ ಪ್ರೋಬನ್ನು ಎದೆಯ ಮೇಲಿಂದ ಪಕ್ಕಕ್ಕೆ ಸರಿಸಿ. ಲೋಹದ ಗುಂಡಿಯ ಇಸಿಜಿ ಸ್ಟಿಕ್ಕರ್ ಈ ಮಕ್ಕಳಿಗೆ ಬೇಡವೇ ಬೇಡ. ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಮುಚ್ಚಳದ ತೂತು ಎದೆಯ ಮೇಲೆ ಬಂದರೆ ಚಿತ್ರದಲ್ಲಿ ದುಂಡನೆಯ ಕಪ್ಪು ಗುಳ್ಳೆಯಂತೆ ಕಾಣುತ್ತದೆ, ಅದನ್ನೂ ನೋಡಿಕೊಳ್ಳಿ.

ಆಮೇಲೆ ಕಾಲಿಮೇಟರ್ ದೀಪ, ಅಂದರೆ ಕಿರಣ ಎಲ್ಲಿ ಬೀಳುತ್ತದೆ ಎಂದು ತೋರಿಸುವ ಬೆಳಕು. ಬೆಳಕಿನ ಚೌಕ ಎದೆಗಷ್ಟೇ ಬೀಳಲಿ. ತೋಳು, ತಲೆ, ಕೆಳಹೊಟ್ಟೆ ಹೊರಗಿರಲಿ. ಅಗಲವಾಗಿ ಬಿಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವ ಅಡ್ಡದಾರಿ ಬಹಳ ಜನರಿಗೆ ರೂಢಿಯಾಗಿದೆ. ಚಿತ್ರ ಚೊಕ್ಕವಾಗುತ್ತದೆ, ಮಗುವಿನ ಮೈಮೇಲೆ ಬಿದ್ದದ್ದು ಬಿದ್ದದ್ದೇ. ಡಿಜಿಟಲ್ ಯಂತ್ರದ ಇನ್ನೊಂದು ಮೋಸವೂ ಇದೆ. ಹಳೇ ಫಿಲ್ಮ್‌ನಲ್ಲಿ ಡೋಸ್ ಜಾಸ್ತಿಯಾದರೆ ಚಿತ್ರ ಕಪ್ಪಾಗುತ್ತಿತ್ತು. ಈಗ ಜಾಸ್ತಿಯಾದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಎಕ್ಸ್‌ಪೋಷರ್ ಇಂಡೆಕ್ಸ್ (ಪ್ಲೇಟಿಗೆ ಎಷ್ಟು ಕಿರಣ ತಲುಪಿತು ಎಂದು ಯಂತ್ರ ತೋರಿಸುವ ಅಂಕಿ) ನೋಡಿ.

ಹೊಟ್ಟೆ ಉಬ್ಬುವುದನ್ನು ಕಾಯಿರಿ, ಉಸಿರು ತುಂಬಿದಾಗ ಗುಂಡಿ ಒತ್ತಿ.

ಮಗುವನ್ನು ಹಿಡಿದವರು ಸೀಸದ ಏಪ್ರನ್ ಹಾಕಿರಲಿ, ಬೆರಳು ಬೆಳಕಿನೊಳಗೆ ಬರದಿರಲಿ. ಗರ್ಭಿಣಿಯರು ಹಿಡಿಯುವುದು ಬೇಡ. ಏಪ್ರನ್ ಮಡಚಿಟ್ಟರೆ ಒಳಗೆ ಬಿರುಕು ಬಿಡುತ್ತದೆ, ನೇತು ಹಾಕಿ. ಉಳಿದವರು 2 ಮೀಟರ್ ಹಿಂದೆ ನಿಂತರೆ ಸಾಕು. 1 ಮೀಟರಿನಲ್ಲಿ ಇರುವುದರ ಕಾಲುಭಾಗ ಮಾತ್ರ ಅಲ್ಲಿಗೆ ತಲುಪುತ್ತದೆ. ಪಕ್ಕದ ಮಗುವನ್ನು ಸುಮ್ನೆ ಎತ್ತಿ ಸಾಗಿಸಬೇಡಿ. ಅಡ್ಡಲಾಗಿ ಕಿರಣ ಬಿಡುವಾಗ ಮಾತ್ರ ಅದು ಯಾರ ಕಡೆ ಹೋಗುತ್ತದೆ ಅಂತ ನೋಡಿ.

ಕೊನೆಗೆ, ಗದ್ದ ಬಾಗಿತ್ತೋ ನೇರವಿತ್ತೋ ಎಂದು ಎಕ್ಸ್‌ರೇ ಜೊತೆ ಬರೆದಿಡಿ. ಅದು ಗೊತ್ತಿಲ್ಲದೆ ಡಾಕ್ಟರು ಟ್ಯೂಬನ್ನು ಎಳೆದರೆ, ಸರಿಯಿದೆಯೇ ಎಂದು ನೋಡಲು ಇನ್ನೊಂದು ಎಕ್ಸ್‌ರೇ ಬೇಕಾಗುತ್ತದೆ.