100 ಮಿ.ಮೀ. ಸಾಲದು ಅಂದುಕೊಂಡಿದ್ದೆ

ನನ್ನ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಸೈಕಲ್ಲಿನ ಜೊತೆ ಬಂದಿದ್ದ ಫೋರ್ಕ್, ಅಂದರೆ ಮುಂಚಕ್ರ ಹಿಡಿದಿರುವ ಸ್ಪ್ರಿಂಗ್ ಕವೆ, ಬದಲಾಯಿಸಬೇಕು ಅಂತ ತೀರ್ಮಾನಿಸಿದ್ದು ಒಂದು ಕಲ್ಲಿನ ಇಳಿಜಾರಿನಲ್ಲಿ. ಕೆಳಗೆ ಬಂದು ನಿಂತಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಬೇರಿನ ಮೇಲೆ ಚಕ್ರ ಹತ್ತಿದರೆ ಫೋರ್ಕ್ ಕುಗ್ಗುವುದೇನೋ ಕುಗ್ಗುತ್ತಿತ್ತು, ಆದರೆ ಕುಗ್ಗಿದಷ್ಟೇ ಜೋರಾಗಿ ವಾಪಸ್ ಒದೆಯುತ್ತಿತ್ತು. ಸಾಲಾಗಿ ನಾಲ್ಕು ಕಲ್ಲು ಸಿಕ್ಕರೆ ಮೂರನೆಯದಕ್ಕೆ ಮುಂಚಕ್ರ ಗಾಳಿಯಲ್ಲಿ. 100 ಮಿ.ಮೀ. ಟ್ರಾವೆಲ್ (ಫೋರ್ಕ್ ಕುಗ್ಗಬಲ್ಲ ದೂರ) ಈ ದಾರಿಗೆ ಸಾಲದು, 140ರದ್ದು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಅಂದೇ ರಾತ್ರಿ ಹುಡುಕಲು ಕೂತೆ.

ಜೊತೆಯಲ್ಲಿ ಓಡಿಸುವ ಗೆಳೆಯ ಒಂದೇ ಪ್ರಶ್ನೆ ಕೇಳಿದ: "ಇರೋ 100ರಲ್ಲಿ ಎಷ್ಟು ಬಳಸ್ತಿದ್ದೀಯ, ನೋಡಿದ್ದೀಯಾ?"

ನೋಡಿರಲಿಲ್ಲ. ಫೋರ್ಕಿನ ಮೇಲ್ಗಡೆಯ ನುಣುಪು ಕಾಲಿಗೆ, ಅಂದರೆ ಸ್ಟ್ಯಾಂಚನ್‌ಗೆ, ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸಡಿಲವಾಗಿ ಕಟ್ಟಿ, ಸೀಲಿನವರೆಗೆ ಇಳಿಸಿ, ಅದೇ ಇಳಿಜಾರಿಗೆ ಮತ್ತೆ ಹೋದೆ. ಫೋರ್ಕ್ ಕುಗ್ಗುವಾಗ ಸೀಲು ಟೈಯನ್ನು ಮೇಲೆ ತಳ್ಳಿ ಅಲ್ಲೇ ಬಿಡುತ್ತದೆ. ಎಷ್ಟು ಕುಗ್ಗಿತ್ತು ಎನ್ನುವುದಕ್ಕೆ ಅದೇ ಗುರುತು. ಕೆಳಗೆ ಬಂದು ಅಳೆದರೆ 62 ಮಿ.ಮೀ. ಕೈ ಜೋಮು ಹಿಡಿದಿದೆ, ಹಲ್ಲು ಕಟಕಟ ಅಂದಿದೆ, ಆದರೂ 38 ಮಿ.ಮೀ. ಮುಟ್ಟದೆ ಹಾಗೇ ಉಳಿದಿದೆ. ಸೈಕಲ್ ಮೇಲೆ ಸುಮ್ಮನೆ ಕೂತಾಗ ನನ್ನ ತೂಕಕ್ಕೆ ಅದು ಇಳಿಯುತ್ತಿದ್ದದ್ದು 8 ಮಿ.ಮೀ. ಅಷ್ಟೆ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಟ್ರಾವೆಲ್‌ನ ಶೇಕಡಾ 20ರ ಆಸುಪಾಸು ಇರಬೇಕಾದದ್ದು.

ಕಾರಣ ಸರಳ. ಒಳಗಿದ್ದದ್ದು ಉಕ್ಕಿನ ಸ್ಪ್ರಿಂಗ್, ನನಗಿಂತ ಭಾರದವರಿಗೆ ಹೊಂದುವಂಥದ್ದು. ಮೇಲಿದ್ದ ಪ್ರೀಲೋಡ್ ತಿರುಪನ್ನು ನಾನು ಎರಡು ವರ್ಷ "ಮೆತ್ತಗೆ ಮಾಡುವ ತಿರುಪು" ಅಂತ ನಂಬಿ ತಿರುಗಿಸುತ್ತಿದ್ದೆ. ಅದು ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ, ಸ್ಪ್ರಿಂಗಿನ ಗಡಸುತನವನ್ನಲ್ಲ. ಇನ್ನು ರೀಬೌಂಡ್ ಡ್ಯಾಂಪಿಂಗ್, ಅಂದರೆ ಕುಗ್ಗಿದ ಸ್ಪ್ರಿಂಗ್ ವಾಪಸ್ ಬರುವ ವೇಗವನ್ನು ಎಣ್ಣೆಯ ಮೂಲಕ ತಡೆಯುವ ವ್ಯವಸ್ಥೆ, ಅದರಲ್ಲಿ ಇರಲೇ ಇಲ್ಲ. ಹಾಗಾಗಿ ಆ ಒದೆತ. ಕಾಲುಗಳು 28 ಮಿ.ಮೀ. ದಪ್ಪದವು, ಜೋರಾಗಿ ಬ್ರೇಕ್ ಹಿಡಿದರೆ ಹಿಂದಕ್ಕೆ ಬಾಗುವುದು ಕಣ್ಣಿಗೇ ಕಾಣುತ್ತಿತ್ತು, ಬಾಗಿದ ಕಾಲು ಒಳಗಿನ ಬುಶ್‌ಗೆ (ಕಾಲು ಜಾರುವ ಬಳೆಗೆ) ಉಜ್ಜಿಕೊಂಡು ಸರಿಯಾಗಿ ಜಾರುತ್ತಲೂ ಇರಲಿಲ್ಲ. ಇಂಥದ್ದನ್ನೇ 140 ಮಿ.ಮೀ. ಉದ್ದ ಮಾಡಿ ಕೊಟ್ಟಿದ್ದರೂ ನನ್ನ ಕೈಗೆ ಅದೇ ಗತಿ.

ಅಲ್ಲಿಗೆ ಹುಡುಕಾಟದ ದಿಕ್ಕೇ ಬದಲಾಯಿತು. ನನಗೆ ಬೇಕಿದ್ದದ್ದು ತೂಕಕ್ಕೆ ತಕ್ಕಂತೆ ಗಾಳಿ ತುಂಬಿಸಿಕೊಳ್ಳಬಹುದಾದ ಏರ್ ಸ್ಪ್ರಿಂಗ್, ಕೈಯಿಂದ ತಿರುಗಿಸಬಹುದಾದ ರೀಬೌಂಡ್, ದಪ್ಪನೆಯ ಕಾಲು. ರಾಕ್‌ಶಾಕ್ಸ್ ಕಂಪನಿಯ ಫೋರ್ಕ್‌ಗಳಲ್ಲೇ ನೋಡಿದರೆ ಜೂಡಿಗೆ 30 ಮಿ.ಮೀ. ಕಾಲು, ರೆಕಾನ್ ಮತ್ತು ರೀಬಾಗೆ 32, ಪೈಕ್‌ಗೆ 35. ನನ್ನ ತೂಕ 72 ಕಿಲೋ, ದೊಡ್ಡ ಜಿಗಿತಗಳ ಚಪಲ ಇಲ್ಲ. 32 ಸಾಕು ಅನ್ನಿಸಿತು. 35ರ ಕಾಲಿನ ಫೋರ್ಕ್ ಹಾಕಿದರೆ ಮುಂಭಾಗ ಮಾತ್ರ ಬೇರೊಂದು ಸೈಕಲ್ಲಿನಿಂದ ತಂದು ಸಿಕ್ಕಿಸಿದ ಹಾಗಾಗುತ್ತದೆ ಅನ್ನುವ ಅಳುಕೂ ಇತ್ತು.

ಟ್ರಾವೆಲ್ ಎಷ್ಟು ಅನ್ನುವುದಕ್ಕೆ ಪೆನ್ನು ಕಾಗದ ಹಿಡಿಯಬೇಕಾಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಟ್ರಾವೆಲ್ ಅಲ್ಲ. ಚಕ್ರದ ಆಕ್ಸಲಿನ ನಡುವಿನಿಂದ ಕ್ರೌನ್‌ನವರೆಗಿನ, ಅಂದರೆ ಫೋರ್ಕಿನ ಎರಡು ಕಾಲು ಮೇಲೆ ಕೂಡುವ ಜಾಗದವರೆಗಿನ ಉದ್ದ. ನನ್ನ ಹಳೆಯದನ್ನು ಟೇಪಿನಲ್ಲಿ ಅಳೆದರೆ 508 ಮಿ.ಮೀ. ಇತ್ತು. ಅಗ್ಗದ ಕಾಯಿಲ್ (ಉಕ್ಕಿನ ಸ್ಪ್ರಿಂಗಿನ) ಫೋರ್ಕ್‌ಗಳು ಅದೇ ಟ್ರಾವೆಲ್‌ನ ಏರ್ ಫೋರ್ಕ್‌ಗಿಂತ ಉದ್ದ ಇರುವುದು ಸಾಮಾನ್ಯ. 29 ಇಂಚಿನ ಚಕ್ರದ 120 ಟ್ರಾವೆಲ್‌ನ ಏರ್ ಫೋರ್ಕ್ ಸುಮಾರು 520, 140ರದ್ದು ಸುಮಾರು 540. ಅಂದರೆ 100ರಿಂದ 120ಕ್ಕೆ ಹೋದರೆ ನನ್ನ ಸೈಕಲ್ಲಿನ ಮೂತಿ ನಿಜವಾಗಿ ಏರುವುದು 20 ಅಲ್ಲ, 12.

ಮೂತಿ ಏರಿದರೆ ಏನಾಗುತ್ತದೆ? ನನ್ನ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 1100 ಮಿ.ಮೀ. ಮುಂದೆ 20 ಏರಿಸಿದರೆ ಇಡೀ ಫ್ರೇಮು ಹಿಂದಿನ ಆಕ್ಸಲ್ ಸುತ್ತ ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ಒರಗುತ್ತದೆ. ಹೆಡ್ ಆಂಗಲ್, ಅಂದರೆ ಫೋರ್ಕ್ ನೆಲಕ್ಕೆ ಮಾಡುವ ಕೋನ, ಅಷ್ಟು ಮಲಗುತ್ತದೆ, ಇಳಿಜಾರಿನಲ್ಲಿ ಧೈರ್ಯ ಬರುತ್ತದೆ. ಜೊತೆಗೇ ಸೀಟು ಹಿಂದೆ ಸರಿಯುತ್ತದೆ, ಪೆಡಲಿನ ನಡು ಅಚ್ಚು ಒಂದಿಷ್ಟು ಮೇಲೇಳುತ್ತದೆ, ಏರು ಹತ್ತುವಾಗ ಮುಂಚಕ್ರ ಅತ್ತಿತ್ತ ಅಲೆಯುತ್ತದೆ. ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಕೂತಾಗ ಹಿಂಭಾಗವೂ ಇಳಿಯುವುದರಿಂದ ಇದು ಅಷ್ಟಾಗಿ ತಿಳಿಯದು. ಹಾರ್ಡ್‌ಟೇಲ್‌ನಲ್ಲಿ ಇಳಿಯುವುದು ಮುಂಭಾಗ ಒಂದೇ. 140 ಟ್ರಾವೆಲ್ ಅಂದರೆ ಪೂರ್ತಿ ಚಾಚಿದಾಗಿಂದ ಪೂರ್ತಿ ಕುಗ್ಗಿದಾಗಿನವರೆಗೆ ಹೆಡ್ ಆಂಗಲ್ 7 ಡಿಗ್ರಿ ಓಲಾಡುತ್ತದೆ. ಮಲಗಿದ ಕೋನ ಬೇಕು ಅಂತ ಉದ್ದ ಫೋರ್ಕ್ ಹಾಕಿಕೊಂಡವನಿಗೆ, ಅದು ಅತಿ ಹೆಚ್ಚು ಬೇಕಾದ ಕಡಿದಾದ ಜಾಗದಲ್ಲಿ ಬ್ರೇಕ್ ಹಿಡಿದೊಡನೆ ಕೋನ ನೆಟ್ಟಗಾಗಿಬಿಡುತ್ತದೆ. ಈ ಲೆಕ್ಕ ಬರೆದು ನೋಡಿದ ಮೇಲೆ 140ರ ಆಸೆ ತಾನಾಗಿ ಬಿಟ್ಟುಹೋಯಿತು. ಅಲ್ಲದೆ ಉದ್ದ ಫೋರ್ಕ್ ಹೆಡ್‌ಟ್ಯೂಬಿನ (ಫೋರ್ಕ್ ತೂರುವ ಫ್ರೇಮಿನ ಮುಂಗೊಳವೆಯ) ಬೆಸುಗೆಗೆ ಹಾರೆಯಂತೆ ಮೀಟು ಹಾಕುತ್ತದೆ. 100ಕ್ಕೆ ಅಂತ ಮಾಡಿದ ಫ್ರೇಮಿಗೆ 120ರ ಆಚೆ ಹೋಗುವ ಮನಸ್ಸಾಗಲಿಲ್ಲ. ಆ 120ಕ್ಕೂ ತಯಾರಕರ ಒಪ್ಪಿಗೆ ಇದೆಯೇ ಅಂತ ಫ್ರೇಮಿನ ಕೈಪಿಡಿ ಹುಡುಕಿ ತೆಗೆದು ನೋಡಿಕೊಂಡೆ.

ಮುಂದಿನ ತಲೆನೋವು ಸ್ಟೀರರ್, ಅಂದರೆ ಹೆಡ್‌ಟ್ಯೂಬಿನೊಳಗೆ ತೂರಿ ಹ್ಯಾಂಡಲಿಗೆ ಸೇರುವ ಫೋರ್ಕಿನ ಕೊಳವೆ. ಹಳೆಯ ಫೋರ್ಕಿನ ಸ್ಟೀರರ್ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪ, 28.6 ಮಿ.ಮೀ. ಈಗ ಬರುವ ಒಳ್ಳೆಯ ಫೋರ್ಕ್‌ಗಳು ಬಹುತೇಕ ಟೇಪರ್ಡ್: ಮೇಲೆ ಅದೇ 28.6, ಬುಡದಲ್ಲಿ ಸುಮಾರು 40. ನನ್ನ ಫ್ರೇಮಿಗೆ ಅದು ಹೋಗುವುದೇ ಇಲ್ಲ ಅಂತ ತಿಂಗಳುಗಟ್ಟಲೆ ಹಳೇ ಸ್ಟಾಕಿನ ನೇರ ಸ್ಟೀರರ್ ಫೋರ್ಕ್‌ಗಳನ್ನೇ ಹುಡುಕುತ್ತಿದ್ದೆ. ಕೊನೆಗೊಂದು ದಿನ ಫೋರ್ಕ್ ಬಿಚ್ಚಿ, ಕೆಳಗಿನ ಕಪ್ಪನ್ನು (ಬೇರಿಂಗ್ ಕೂರುವ ಬಟ್ಟಲನ್ನು) ಒಳಗಿಂದ ತಟ್ಟಿ ಹೊರತೆಗೆದು ಹೆಡ್‌ಟ್ಯೂಬಿನ ಬಾಯಿಗೆ ವರ್ನಿಯರ್ ಇಟ್ಟೆ. 44 ಮಿ.ಮೀ.! 34 ಇದ್ದಿದ್ದರೆ ಬಾಗಿಲು ಮುಚ್ಚಿದ ಹಾಗೆಯೇ. 44 ಇದ್ದರೆ ಬೇರಿಂಗ್ ಫ್ರೇಮಿನ ಹೊರಗೆ ಕೂರುವ ಕೆಳಗಪ್ಪು ಹಾಕಿ ಟೇಪರ್ಡ್ ಕೂರಿಸಬಹುದು. ಅದನ್ನು ಇಸಿ44/40 ಅಂತ ಗುರುತಿಸುತ್ತಾರೆ. ಹತ್ತು ನಿಮಿಷದ ಅಳತೆ ಮೊದಲ ದಿನವೇ ಮಾಡದೆ ತಿಂಗಳುಗಟ್ಟಲೆ ಪರದಾಡಿದ್ದಕ್ಕೆ ಯಾರನ್ನು ಬೈಯಲಿ.

ಆದರೆ ಈ ಹೊರಗಪ್ಪು ಪುಕ್ಕಟೆ ಅಲ್ಲ. ನನ್ನದು 12 ಮಿ.ಮೀ. ಎತ್ತರ, ಹಳೆಯದು 3. ಅಲ್ಲಿಗೆ ಮೂತಿ ಇನ್ನೂ 9 ಏರಿತು. 12 ಮತ್ತು 9, ಒಟ್ಟು 21, ಒಂದು ಡಿಗ್ರಿ. ಮೇಲ್ನೋಟಕ್ಕೆ ಹೆಚ್ಚೇ. ಕೂತಾಗಿನ ಲೆಕ್ಕ ಬೇರೆ: ಹಳೆಯದು 508ರಲ್ಲಿ 8 ಇಳಿದು 500ಕ್ಕೆ ನಿಲ್ಲುತ್ತಿತ್ತು. ಹೊಸದು ಕಪ್ಪೂ ಸೇರಿ 529, ಅದರಲ್ಲಿ 26 ಸ್ಯಾಗ್ ಕಳೆದರೆ 503. ಓಡಿಸುವಾಗಿನ ವ್ಯತ್ಯಾಸ 3 ಮಿ.ಮೀ. ಮಾತ್ರ. ಹೀಗೆ ರೀಬಾ, 120, ಟೇಪರ್ಡ್ ಅಂತ ನಿಕ್ಕಿಯಾಯಿತು.

ನಡುವೆ ಒಂದು ಸೆಕೆಂಡ್ ಹ್ಯಾಂಡ್ ಫೋರ್ಕ್ ಕೈತಪ್ಪಿತು, ತಪ್ಪಿದ್ದೇ ಒಳ್ಳೆಯದಾಯಿತು. ಮಾರುವಾತ ಕಳಿಸಿದ ಚಿತ್ರಗಳಲ್ಲಿ ಲಕಲಕ ಹೊಳೆಯುತ್ತಿತ್ತು. ಸ್ಟೀರರ್ ಉದ್ದ ಎಷ್ಟು ಅಂದರೆ "ಎಲ್ಲಕ್ಕೂ ಸಾಕಾಗುತ್ತೆ" ಅನ್ನುವ ಉತ್ತರ. ಪಟ್ಟು ಹಿಡಿದು ಅಳೆಸಿದಾಗ 172. ನನ್ನ ಹೆಡ್‌ಟ್ಯೂಬ್ 120, ಕೆಳಗಪ್ಪು 12, ಮೇಲಿನ ಮುಚ್ಚಳ 8, ಸ್ಟೆಮ್ (ಹ್ಯಾಂಡಲನ್ನು ಸ್ಟೀರರಿಗೆ ಹಿಡಿಸುವ ತುಂಡು) 40, ಒಟ್ಟು 180. ಎತ್ತರ ಹೊಂದಿಸುವ ಬಳೆ, ಅಂದರೆ ಸ್ಪೇಸರ್, ಒಂದೂ ಹಾಕದಿದ್ದರೂ 177ಕ್ಕಿಂತ ಕಡಿಮೆ ಇದ್ದರೆ ಸ್ಟೆಮ್ಮಿಗೆ ಪೂರ್ತಿ ಹಿಡಿತ ಸಿಗದು. ಹಳೇ ಫೋರ್ಕ್ ಕೊಳ್ಳುವವರು ಇದನ್ನು ಮೊದಲು ಕೇಳಿ, ಆಮೇಲೆ ಸ್ಟ್ಯಾಂಚನ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಸಿಕ್ಕುವ ಗೀರು ಸೀಲಿನ ಹಾದಿಯಲ್ಲಿದ್ದರೆ ಎಣ್ಣೆ ಸೋರಬಹುದು.

ಹೊಸ ಫೋರ್ಕಿನ ಆಕ್ಸಲ್ 15x110, ಅಂದರೆ 15 ಮಿ.ಮೀ. ದಪ್ಪ, 110 ಅಗಲ. ಈ ಅಳತೆಗೆ ಬೂಸ್ಟ್ ಅನ್ನುತ್ತಾರೆ. ನನ್ನ ಮುಂಚಕ್ರದ ಹಬ್ (ಕಡ್ಡಿಗಳು ಕೂಡುವ ನಡುಭಾಗ) 9 ಮಿ.ಮೀ. ಕ್ವಿಕ್ ರಿಲೀಸ್, 100 ಅಗಲ, ಗುಂಡು ಕೂರಿಸಿದ ಹಳೆ ಶೈಲಿಯದು. ಅದಕ್ಕೆ ಅಡಾಪ್ಟರ್ ಇಲ್ಲ. 15x100 ಹಬ್ ಇದ್ದವರು ಎರಡೂ ಕಡೆ 5 ಮಿ.ಮೀ. ಸ್ಪೇಸರ್, ಡಿಸ್ಕಿಗೊಂದು ಬಿಲ್ಲೆ ಹಾಕಿ ಪಾರಾಗಬಹುದು. ನಾನು ಹೊಸ ಹಬ್ಬಿಗೆ ಹಳೆಯ ರಿಮ್ಮನ್ನೇ ಕಟ್ಟಿಸಿದೆ. 32 ಕಡ್ಡಿಯೂ ಹೊಸವು, ಅಳತೆ ಹೊಂದಲಿಲ್ಲ. ಈ ಖರ್ಚನ್ನು ಫೋರ್ಕಿನ ಖರ್ಚಿನ ಜೊತೆ ಸೇರಿಸಿ ನೋಡದೇ ಬಜೆಟ್ ಹಾಕಿದ್ದೆ. 160ರ ಡಿಸ್ಕ್ ಹಾಗೇ ಹೊಂದಿತು, ಪುಣ್ಯಕ್ಕೆ.

ಜೋಡಣೆಯಲ್ಲಿ ಭಯ ಇದ್ದದ್ದು ಸ್ಟೀರರ್ ಕತ್ತರಿಸುವಾಗ ಒಂದೇ. ಎಲ್ಲ ಜೋಡಿಸಿ, ಸ್ಟೆಮ್ ಮತ್ತು 20 ಮಿ.ಮೀ. ಸ್ಪೇಸರ್ ಇಟ್ಟು, ಗುರುತು ಹಾಕಿ, ಗುರುತಿಗಿಂತ 10 ಮಿ.ಮೀ. ಉದ್ದ ಬಿಟ್ಟು ಕತ್ತರಿಸಿದೆ. ಎರಡು ಹೋಸ್ ಕ್ಲಿಪ್ಪುಗಳನ್ನು ಪಕ್ಕಪಕ್ಕ ಬಿಗಿದು ನಡುವೆ ಹ್ಯಾಕ್ಸಾ ಬ್ಲೇಡ್ ಓಡಿಸಿದರೆ ಕೊಯ್ತ ಓರೆಯಾಗದು. ಅಂಚನ್ನು ಅರದಿಂದ ಉಜ್ಜಿದರಾಯಿತು. ಒಂದು ತಿಂಗಳು ಓಡಿಸಿ ಹ್ಯಾಂಡಲ್ ಎತ್ತರ ಒಗ್ಗಿದ ಮೇಲೆ ಉಳಿದದ್ದನ್ನು ತೆಗೆದೆ. ಸ್ಟೀರರ್ ತುದಿ ಮೇಲಿನ ಸ್ಪೇಸರಿಗಿಂತ 3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಟಾಪ್ ಕ್ಯಾಪ್ (ಸ್ಟೆಮ್ಮನ್ನು ಮೇಲಿಂದ ಒತ್ತುವ ಮುಚ್ಚಳ) ಬಿಗಿಸಿದರೂ ಬೇರಿಂಗ್ ಬಿಗಿಯಾಗದು. ಮೊದಲ ದಿನ ಬ್ರೇಕ್ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂತು. ಫೋರ್ಕೇ ಕೆಟ್ಟದ್ದು ಬಂತೇ ಅಂತ ಎದೆ ಧಸಕ್ಕೆಂದಿತು. ನೋಡಿದರೆ ಟಾಪ್ ಕ್ಯಾಪಿಗಿಂತ ಮೊದಲೇ ಸ್ಟೆಮ್ ಬೋಲ್ಟುಗಳನ್ನು ಬಿಗಿದಿದ್ದೆ. ಬಿಚ್ಚಿ, ಮೊದಲು ಕ್ಯಾಪು, ಆಮೇಲೆ ಬೋಲ್ಟು 5 ನ್ಯೂಟನ್ ಮೀಟರ್. ಸದ್ದು ಹೋಯಿತು.

ಗಾಳಿಯ ವಿಷಯದಲ್ಲಿ ಫೋರ್ಕಿನ ಕಾಲ ಮೇಲಿನ ಪಟ್ಟಿಯನ್ನು ನಂಬಿ ತುಂಬಿದೆ, ಸ್ಯಾಗ್ 16 ಬಂತು. ಹೊಸ ಸೀಲುಗಳ ಬಿಗಿಯೂ ಅದರಲ್ಲಿ ಸೇರಿತ್ತು. ನಾಲ್ಕೈದು ಸವಾರಿಯಲ್ಲಿ ಇಳಿಸುತ್ತ ಇಳಿಸುತ್ತ ಪಟ್ಟಿಗಿಂತ 12 ಪಿಎಸ್ಐ ಕಡಿಮೆಗೆ ಬಂದು ನಿಂತೆ. ಗಾಳಿ ತುಂಬಿದಾಗಲೆಲ್ಲ ಫೋರ್ಕನ್ನು ಹತ್ತು ಸಲ ನಿಧಾನಕ್ಕೆ ಸ್ವಲ್ಪ ಒತ್ತಿ ಬಿಡಬೇಕು, ಒಳಗಿನ ನೆಗೆಟಿವ್ ಕೋಣೆಗೂ (ಮುಖ್ಯ ಗಾಳಿಗೆ ಎದುರಾಗಿ ಒತ್ತುವ ಕೋಣೆಗೂ) ಗಾಳಿ ಹೋಗಿ ಸಮವಾಗಲಿ ಅಂತ. ಆಮೇಲೆ ಒತ್ತಡ ಮತ್ತೆ ನೋಡಬೇಕು. ಪಂಪ್ ಬಿಚ್ಚುವಾಗಿನ ಪುಸ್ಸ್ ಶಬ್ದಕ್ಕೆ ಹೆದರಿ ಎರಡು ಪಿಎಸ್ಐ ಜಾಸ್ತಿ ಹಾಕುತ್ತಿದ್ದೆ. ಅದು ಪಂಪಿನ ಕೊಳವೆಯ ಗಾಳಿ, ಫೋರ್ಕಿನದ್ದಲ್ಲ.

ರೀಬೌಂಡ್‌ನಲ್ಲಿ ಎಡವಿದ್ದು ಜಾಸ್ತಿ. ಹಳೆಯದರ ಒದೆತದ ಸಿಟ್ಟಿಗೆ ಇದನ್ನು ತೀರ ನಿಧಾನಕ್ಕೆ ತಿರುಗಿಸಿಟ್ಟೆ. ಅಂಗಳದಲ್ಲಿ ಒತ್ತಿ ನೋಡಿದರೆ ಎಷ್ಟು ಗಂಭೀರವಾಗಿ ಮೇಲೇಳುತ್ತಿತ್ತು! ದಾರಿಯಲ್ಲಿ ಸಾಲು ಕಲ್ಲು ಬಂದಾಗ ಮೊದಲ ಕಲ್ಲಿಗೆ ಕುಗ್ಗಿದ್ದು ಮೇಲೇಳುವಷ್ಟರಲ್ಲಿ ಎರಡನೆಯದು, ಆಮೇಲೆ ಮೂರನೆಯದು. ಐದನೆಯ ಕಲ್ಲಿಗೆ ಫೋರ್ಕಿನಲ್ಲಿ ಕುಗ್ಗಲು ಏನೂ ಉಳಿದಿರುತ್ತಿರಲಿಲ್ಲ. ಮತ್ತೆ ಅದೇ ಗಟ್ಟಿ ಹೊಡೆತ. ಗಾಳಿ ಜಾಸ್ತಿಯಾಯಿತೆಂದು ಇಳಿಸಿದೆ, ಇನ್ನೂ ಕೆಟ್ಟಿತು. ಕೊನೆಗೆ ಒಂದೇ ಇಳಿಜಾರನ್ನು ಆರು ಸಲ ಇಳಿದು, ಪ್ರತಿ ಸಲ ಒಂದೊಂದು ಕ್ಲಿಕ್ ವೇಗ ಮಾಡುತ್ತ ಹೋದೆ. ಐದನೇ ಸಲ ಹ್ಯಾಂಡಲ್ ಕೈಯಲ್ಲಿ ಸುಮ್ಮನಾಯಿತು, ಆರನೇ ಸಲ ಚಕ್ರ ಪುಟಿಯತೊಡಗಿತು. ಒಂದು ಕ್ಲಿಕ್ ವಾಪಸ್. ಆ ಸಂಖ್ಯೆ ಸ್ಟೆಮ್ಮಿನ ಕೆಳಗೆ ಟೇಪಿನ ಮೇಲೆ ಬರೆದಿದೆ.

ಈಗ ಆ ಕಲ್ಲಿನ ಇಳಿಜಾರಿನಲ್ಲಿ ಸ್ಟ್ಯಾಂಚನ್ ಮೇಲಿನ ರಬ್ಬರ್ ಉಂಗುರ 108ರವರೆಗೆ ಹೋಗುತ್ತದೆ, ಬೆರಳು ಮಡಚಲು ಬರುತ್ತದೆ. ಟೋಕನ್ (ಗಾಳಿ ಕೋಣೆಯ ಜಾಗ ಕಡಿಮೆ ಮಾಡುವ ತುಂಡು) ಹಾಕುವ ಅಗತ್ಯ ಬಿದ್ದಿಲ್ಲ. 50 ಗಂಟೆಗೊಮ್ಮೆ ಕೆಳಗಾಲು ಬಿಚ್ಚಿ ಎಣ್ಣೆ ಬದಲಿಸಬೇಕು. ಮೊದಲನೆಯದನ್ನು ನಾನೇ ಮಾಡಿದೆ, ಎಣ್ಣೆ ಕಪ್ಪಗೆ ಸುರಿಯಿತು. ಮುಂದೆ ಇಷ್ಟು ಸುಮ್ಮನಾದ ಮೇಲೆ ಹಿಂಚಕ್ರ ಬಡಿದುಕೊಳ್ಳುವುದು ಗೊತ್ತಾಗತೊಡಗಿದೆ. ಹಿಂದಿನ ಟಯರಿನ ಗಾಳಿ ಎರಡು ಪಿಎಸ್ಐ ಇಳಿಸಿ ನೋಡುತ್ತಿದ್ದೇನೆ.