ಎಂಪಿಗೆ ಬರೆದ ಪತ್ರ ಗಡುವನ್ನು ತಡೆಯುವುದಿಲ್ಲ: ಬ್ರಿಟನ್ನಿಗೆ ಬಂದ ನಮ್ಮ ಕಡೆಯವರಿಗೆ

ಬೆಳಗಾವಿ ಅಧಿವೇಶನದ ಹೊತ್ತಿಗೆ ಕೊಂಡಸಕೊಪ್ಪದ ಪ್ರತಿಭಟನೆಯ ಟೆಂಟುಗಳಿಗೆ ಮಂತ್ರಿಗಳೇ ಬಂದು ಮನವಿ ತೆಗೆದುಕೊಳ್ಳುವುದನ್ನು ನೋಡಿ ಬೆಳೆದವರಿಗೆ ಬ್ರಿಟನ್ನಿನಲ್ಲೂ ಒಂದು ರೂಢಿ ಬಿಟ್ಟುಹೋಗುವುದಿಲ್ಲ. ತೆರಿಗೆ ಇಲಾಖೆಯಿಂದ ದಂಡದ ಕಾಗದ ಬಂದರೆ ಮೊದಲ ಮಾತು, "ತಡೀರಿ, ಎಂಪಿ ಸಾಹೇಬ್ರಿಗೆ ಹೇಳಸೋಣು." ಹೇಳಿಸಬಹುದು, ಹೇಳಿಸಲೇಬೇಕಾದ ಸಂದರ್ಭಗಳೂ ಇವೆ. ತೊಂದರೆ ಇರುವುದು "ತಡೀರಿ" ಎನ್ನುವಲ್ಲಿ. ಪ್ರತಿ ವರ್ಷ ಹೊಸದಾಗಿ ಬಂದವರಲ್ಲಿ ಒಬ್ಬರಾದರೂ ಇದರಲ್ಲಿ ಸಿಕ್ಕಿ ನೂರಾರು ಪೌಂಡ್ ಕಳೆದುಕೊಳ್ಳುತ್ತಾರೆ.

ಎಂಪಿಯ ಕೈಯಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ಸದನದಲ್ಲಿ ಸರ್ಕಾರಕ್ಕೆ ಪ್ರಶ್ನೆ ಕೇಳುವುದು. ಇನ್ನೊಂದು, ನಿಮ್ಮ ಫೈಲಿನ ಬಗ್ಗೆ ಇಲಾಖೆಗೆ ಪತ್ರ ಬರೆಯುವುದು. ಪ್ರಶ್ನೆಗೆ ಉತ್ತರವಾಗಿ ನೀತಿ, ಲೆಕ್ಕ, ಅಂಕಿಸಂಖ್ಯೆ ಹೊರಬರುತ್ತವೆ. ನಿಮ್ಮ ಮನೆಯ ಸಂಗತಿ ಅಲ್ಲಿ ಬರುವುದೇ ಇಲ್ಲ. ಪತ್ರ ಹೋದರೆ ನಿಮ್ಮ ಫೈಲನ್ನು ಒಬ್ಬರು ತೆರೆದು ನೋಡುತ್ತಾರೆ. "ನಮ್ಮ ದಂಡ ಮಾಫ್ ಮಾಡಸ್ರಿ, ಪಾರ್ಲಿಮೆಂಟಿನ್ಯಾಗ ಎತ್ತರಿ" ಎಂದು ಎರಡನ್ನೂ ಒಂದೇ ಈಮೇಲಿನಲ್ಲಿ ಕಲಸಿ ಬರೆದರೆ, ಎಂಪಿ ಕಚೇರಿಯ ಸಹಾಯಕರು ಸಾಮಾನ್ಯ ಉತ್ತರವೊಂದನ್ನು ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ಪ್ರಶ್ನೆಯ ಪದ್ಧತಿ ಹೀಗಿದೆ. ಮೌಖಿಕ ಪ್ರಶ್ನೆಗೆ ಖಜಾನೆ ಇಲಾಖೆಯ ಸರದಿ ಸದನ ನಡೆಯುವಾಗ ಸುಮಾರು ಐದು ವಾರಕ್ಕೊಮ್ಮೆ ಬರುತ್ತದೆ. ಹೆಸರುಗಳನ್ನು ಲಾಟರಿ ಎತ್ತುವುದರಿಂದ ನಿಮ್ಮ ಎಂಪಿಗೆ ಅವಕಾಶ ಸಿಗುತ್ತದೆಂದು ಯಾರೂ ಮಾತು ಕೊಡಲಾರರು. ನಿಜವಾದ ಕೆಲಸ ಆಗುವುದು ಲಿಖಿತ ಪ್ರಶ್ನೆಯಲ್ಲಿ. ಸಾಮಾನ್ಯ ಲಿಖಿತ ಪ್ರಶ್ನೆಗೆ ವಾರದೊಳಗೆ ಉತ್ತರ ಕೊಡುವುದು ವಾಡಿಕೆ. ಇಂಥ ದಿನವೇ ಉತ್ತರ ಬೇಕೆಂದು ದಿನಾಂಕ ಹಾಕಿಯೂ ಕೇಳಬಹುದು, ಆದರೆ ಅಂಥವು ಒಬ್ಬ ಎಂಪಿಗೆ ದಿನಕ್ಕೆ 5 ಮಾತ್ರ. ಸಾಮಾನ್ಯ ಪ್ರಶ್ನೆಗಳಿಗೆ ಸಂಖ್ಯೆಯ ಮಿತಿಯೇ ಇಲ್ಲ. ಲೋಕಸಭೆಯಲ್ಲಾದರೆ ಇಡೀ ಸದನಕ್ಕೇ ದಿನಕ್ಕೆ ಮೌಖಿಕ ಉತ್ತರದ ಚುಕ್ಕೆ ಗುರುತಿನವು 20, ಲಿಖಿತ ಉತ್ತರದ ಚುಕ್ಕೆ ಗುರುತಿಲ್ಲದವು 230 ಎಂದು ಕಟ್ಟುಹಾಕಿದ್ದಾರೆ.

ಪ್ರಶ್ನೆ ಬಿದ್ದುಹೋಗುವುದು ಹೆಚ್ಚಾಗಿ ಭಾಷೆಯಿಂದ. ವಾದ, ಆರೋಪ, ಭಾಷಣ ಇದ್ದರೆ ಸದನದ ಸಿಬ್ಬಂದಿಯೇ ಹಿಂದಕ್ಕೆ ಕೊಡುತ್ತಾರೆ. "ವಲಸಿಗರಿಗೆ ಸರ್ಕಾರ ಯಾಕೆ ಅನ್ಯಾಯ ಮಾಡುತ್ತಿದೆ?" ಎಂಬುದು ನಡೆಯುವುದಿಲ್ಲ. "ಕಳೆದ ಮೂರು ತೆರಿಗೆ ವರ್ಷಗಳಲ್ಲಿ ತಡವಾಗಿ ರಿಟರ್ನ್ ಸಲ್ಲಿಸಿದ್ದಕ್ಕೆ ಹಾಕಿದ ದಂಡಗಳಲ್ಲಿ ಮೇಲ್ಮನವಿಯ ನಂತರ ರದ್ದಾದವು ಎಷ್ಟು?" ಎಂಬುದು ನಡೆಯುತ್ತದೆ. ಹತ್ತು ವರ್ಷದ ಲೆಕ್ಕ, ಊರೂರಿನ ವಿವರ ಅಂತ ಆಸೆಪಟ್ಟರೆ ಇನ್ನೊಂದು ಗೋಡೆ ಇದೆ: ಉತ್ತರ ಹುಡುಕಲು 850 ಪೌಂಡ್‌ಗಿಂತ ಹೆಚ್ಚು ಖರ್ಚಾಗುತ್ತದೆಂದು ಇಲಾಖೆ ಅಂದಾಜಿಸಿದರೆ ಉತ್ತರ ನಿರಾಕರಿಸಬಹುದು. ವರ್ಷ ಕಡಿಮೆ ಮಾಡಿ, ಒಂದೇ ವಿಷಯ ಇಡಿ. ಅದಕ್ಕೂ ಮೊದಲು ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, ಅದೇ ಪ್ರಶ್ನೆಯನ್ನು ಬೇರೆ ಎಂಪಿ ಆಗಲೇ ಕೇಳಿರುವುದುಂಟು.

ಇದರಲ್ಲಿ ಬ್ರಿಟನ್ ನಮಗಿಂತ ಮುಂದಿದೆ ಎಂದು ಒಪ್ಪಲೇಬೇಕು. ಯಾವ ಮಂತ್ರಿ, ಯಾವ ದಿನ, ಏನು ಉತ್ತರ ಕೊಟ್ಟರು ಎಂಬುದು ಒಂದು ಪದ ಹಾಕಿದರೆ ಸಿಗುತ್ತದೆ. ಆಲಮಟ್ಟಿ ಎತ್ತರವನ್ನು 519.60ರಿಂದ 524.256 ಮೀಟರಿಗೆ ಏರಿಸುವ ವಿಷಯದಲ್ಲಿ, ಮುಳುಗಡೆ ಪರಿಹಾರಕ್ಕೆ ದುಡ್ಡು ಎಲ್ಲಿಂದ ಎಂದು ನಮ್ಮ ಶಾಸಕರು ಎಷ್ಟು ಸಲ ಕೇಳಿದರು, ಏನು ಉತ್ತರ ಬಂತು ಎಂದು ಬಾಗಲಕೋಟೆಯವರು ಹುಡುಕಹೊರಟರೆ ಗೊತ್ತಾಗುತ್ತದೆ ಕಷ್ಟ. ಆದರೆ ಜನರ ಕೈಗೆ ಸಿಗುವ ವಿಷಯದಲ್ಲಿ ನಮ್ಮ ಶಾಸಕರೇ ವಾಸಿ. ಬೆಳಿಗ್ಗೆ ಮನೆ ಮುಂದೆ ಹೋಗಿ ನಿಂತರೆ ಮುಖವಾದರೂ ನೋಡಬಹುದು. ಇಲ್ಲಿ ಭೇಟಿಗೂ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು.

ಈಗ ದುಡ್ಡು ಕಳೆಯುವ ಜಾಗಕ್ಕೆ ಬರೋಣ. ಟಿಳಕವಾಡಿಯ ಮನೆ ಬಾಡಿಗೆಯೋ, ವಿಜಯಪುರದ ಅಂಗಡಿ ಬಾಡಿಗೆಯೋ ಬರುತ್ತದೆಂದು, ಆದಾಯದ ಲೆಕ್ಕವನ್ನು ನಾವೇ ಸಲ್ಲಿಸುವ ಸೆಲ್ಫ್ ಅಸೆಸ್‌ಮೆಂಟ್‌ಗೆ ಒಮ್ಮೆ ಹೆಸರು ನೋಂದಾಯಿಸಿದವರು, ಮುಂದಿನ ವರ್ಷ "ಕಟ್ಟೋ ತೆರಿಗೀನ ಇಲ್ಲಲ್ಲ" ಎಂದು ಸುಮ್ಮನಾಗುತ್ತಾರೆ. ರಿಟರ್ನ್ ಸಲ್ಲಿಸಿ ಎಂದು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ನೋಟಿಸ್ ಕೊಟ್ಟಿದ್ದರೆ, ತೆರಿಗೆ ಸೊನ್ನೆಯಾದರೂ ಸಲ್ಲಿಸಬೇಕು. ಬೇಡವಾದರೆ ಆ ನೋಟಿಸನ್ನು ವಾಪಸ್ ತೆಗೆದುಕೊಳ್ಳುವಂತೆ ಅವರನ್ನೇ ಕೇಳಬೇಕು. ಆನ್‌ಲೈನ್ ಗಡುವು ಜನವರಿ 31. ಒಂದು ದಿನ ದಾಟಿದರೆ 100 ಪೌಂಡ್. ಮೂರು ತಿಂಗಳು ದಾಟಿದರೆ ದಿನಕ್ಕೆ 10 ಪೌಂಡ್‌ನಂತೆ 90 ದಿನ, ಅಂದರೆ 900. ಆರು ತಿಂಗಳಿಗೆ 300 ಪೌಂಡ್ ಅಥವಾ ತೆರಿಗೆಯ ಶೇ 5, ಯಾವುದು ಹೆಚ್ಚೋ ಅದು. ಹನ್ನೆರಡು ತಿಂಗಳಿಗೆ ಮತ್ತೆ ಅಷ್ಟೇ. ತೆರಿಗೆ ಒಂದು ಪೈಸೆ ಇಲ್ಲದಿದ್ದರೂ ವರ್ಷಕ್ಕೆ 1,600 ಪೌಂಡ್ ದಂಡ. ತೆರಿಗೆ ಬಾಕಿ ಇದ್ದರೆ ಅದರ ದಂಡ, ಬಡ್ಡಿ ಬೇರೆ.

ಮೇಲ್ಮನವಿಗೆ ಇರುವುದು ದಂಡದ ನೋಟಿಸಿನ ದಿನಾಂಕದಿಂದ 30 ದಿನ. ನಮ್ಮವರು ಆ 30 ದಿನವನ್ನು ಎಂಪಿಯ ಉತ್ತರ ಕಾಯುವುದರಲ್ಲಿ ಕಳೆಯುತ್ತಾರೆ. ಎಂಪಿ ಕಚೇರಿ ನಿಮ್ಮ ವಿಳಾಸ ಖಚಿತಪಡಿಸಿಕೊಂಡು, ಇಲಾಖೆಗೆ ಬರೆದು, ಇಲಾಖೆ ಉತ್ತರಿಸುವಷ್ಟರಲ್ಲಿ ವಾರಗಳೇ ಉರುಳಿರುತ್ತವೆ. ಊರಲ್ಲಿ ಶಾಸಕರು ತಹಶೀಲ್ದಾರರಿಗೆ ಒಂದು ಫೋನ್ ಹಚ್ಚಿದರೆ ಫೈಲು ಅಲ್ಲೇ ನಿಲ್ಲಬಹುದು. ಇಲ್ಲಿ ಎಂಪಿ ಫೋನ್ ಹಚ್ಚಿದರೂ ದಿನಕ್ಕೆ 10 ಪೌಂಡ್ ಎಣಿಕೆ ನಡೆದೇ ಇರುತ್ತದೆ. ಎಂಪಿಗೆ ತೆರಿಗೆ ದಂಡ ರದ್ದು ಮಾಡುವ ಅಧಿಕಾರವೂ ಇಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬಾಕಿ ರಿಟರ್ನ್ ಸಲ್ಲಿಸಿ. ದಿನದ ದಂಡ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ 30 ದಿನದೊಳಗೆ ನೀವೇ ಮೇಲ್ಮನವಿ ಹಾಕಿ. ಆಸ್ಪತ್ರೆ ಸೇರಿದ್ದು, ಹತ್ತಿರದವರ ಸಾವು, ಬೆಂಕಿ ಅಥವಾ ಪ್ರವಾಹದಂಥ ಕಾರಣಗಳನ್ನು ಪರಿಗಣಿಸುತ್ತಾರೆ. "ನೆನಪಿನ ಕಾಗದ ಬರಲಿಲ್ಲ", "ಬೇರೆಯವರಿಗೆ ವಹಿಸಿದ್ದೆ, ಅವರು ಮಾಡಲಿಲ್ಲ" ಎಂದರೆ ಕೇಳುವುದಿಲ್ಲ. ತೆರಿಗೆ ಕಟ್ಟಲು ಕೈಯಲ್ಲಿ ದುಡ್ಡಿಲ್ಲದಿದ್ದರೆ, ಬಾಕಿ 30,000 ಪೌಂಡ್ ಒಳಗಿದ್ದು ಕಟ್ಟುವ ಗಡುವು ಮುಗಿದು 60 ದಿನ ದಾಟಿರದಿದ್ದರೆ, ಕಂತಿನ ವ್ಯವಸ್ಥೆಯನ್ನು ಆನ್‌ಲೈನಿನಲ್ಲೇ ಮಾಡಿಕೊಳ್ಳಬಹುದು. ಇಷ್ಟೆಲ್ಲ ಆದ ಮೇಲೆ ಎಂಪಿಗೆ ಬರೆಯಿರಿ.

ಸರ್ಕಾರಿ ನೆರವಿನ ವಿಷಯದಲ್ಲೂ ಗಡುವು ಇದೇ ಥರ. ನೆರವು ಕೊಡುವ ಇಲಾಖೆಯಾದ ಡಿಡಬ್ಲ್ಯುಪಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೇಳಲು ಒಂದು ತಿಂಗಳು. ಆದರೆ ಇಲ್ಲಿ ತಡವಾಗುವುದಕ್ಕಿಂತ ದೊಡ್ಡ ಅಪಾಯ ಒಂದಿದೆ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ ಎಂಬ ಷರತ್ತಿದ್ದರೆ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಇವುಗಳಿಗೆ ಕೈಹಾಕಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಅರ್ಜಿ ಹಾಕಿದಂತೆ "ಬಂದ್ರ ಬರ್ಲಿ, ಇಲ್ಲಾಂದ್ರ ಇಲ್ಲ" ಎನ್ನುವ ಧೈರ್ಯ ಇಲ್ಲಿ ನಿಮ್ಮ ವೀಸಾಕ್ಕೇ ಸಂಚಕಾರ ತರಬಹುದು. ಕೆಲಸದ ಮೂಲಕ ಬರುವ ಶಾಸನಬದ್ಧ ಹೆರಿಗೆ ವೇತನ ಈ ಪಟ್ಟಿಗೆ ಸೇರಿಲ್ಲ, ಅದನ್ನು ಹೆದರಿ ಬಿಡಬೇಡಿ. ಬಜೆಟ್ ದಿನ ಘೋಷಣೆಯಾದ ನೆರವು ನಿಮಗೆ ಸಲ್ಲುತ್ತದೋ ಇಲ್ಲವೋ ಎಂಬ ಗೊಂದಲವನ್ನು ಎಂಪಿಯ ಲಿಖಿತ ಪ್ರಶ್ನೆ ಬಿಡಿಸಬಲ್ಲದು, ಮತ್ತು ಪ್ರಶ್ನೆ ಕೇಳಿಸುವುದರಿಂದ ವೀಸಾಕ್ಕೆ ಏನೂ ಆಗುವುದಿಲ್ಲ.

ಪತ್ರ ಒಂದು ಪುಟ ದಾಟಬಾರದು. ಮೇಲ್ಗಡೆ ಪೂರ್ತಿ ವಿಳಾಸ, ಪೋಸ್ಟ್‌ಕೋಡ್. ಇದಿಲ್ಲದಿದ್ದರೆ ನೀವು ಅವರ ಕ್ಷೇತ್ರದವರೆಂದು ಗೊತ್ತಾಗದೆ ಪತ್ರ ಮುಂದೆ ಹೋಗುವುದಿಲ್ಲ. ಪಕ್ಕದ ಕ್ಷೇತ್ರದ ಎಂಪಿ ಭಾರತೀಯ ಮೂಲದವರೆಂದು ಅವರಿಗೆ ಬರೆದರೆ ಅವರೂ ನಿಮ್ಮ ಎಂಪಿಯ ಕಡೆಗೇ ತಿರುಗಿಸುತ್ತಾರೆ. ಆಮೇಲೆ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ತೆರಿಗೆ ವಿಷಯವಾದರೆ ಹತ್ತು ಅಂಕಿಯ ಯುಟಿಆರ್ (ನಿಮ್ಮ ತೆರಿಗೆ ಗುರುತಿನ ಸಂಖ್ಯೆ), ನೋಟಿಸಿನ ದಿನಾಂಕ, ಮೇಲ್ಮನವಿ ಹಾಕಿದ ದಿನಾಂಕ, ಕೊನೆಗೆ ಎಂಪಿ ಏನು ಮಾಡಬೇಕೆಂದು ಒಂದೇ ವಾಕ್ಯ. ಹೆಂಡತಿಯ ಅಥವಾ ಗಂಡನ ವಿಷಯವಾದರೆ ಅವರ ಒಪ್ಪಿಗೆ ಪತ್ರ ಜೊತೆಗಿರಲಿ. ಭಾರತೀಯ ಪಾಸ್‌ಪೋರ್ಟಿನವರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ಮತದಾರರ ಪಟ್ಟಿಗೆ ಸೇರಬಹುದು. ಸೇರಿರದಿದ್ದರೂ ಕ್ಷೇತ್ರದ ನಿವಾಸಿ ಎಂಬ ಕಾರಣಕ್ಕೆ ಎಂಪಿ ನಿಮ್ಮ ಕೆಲಸ ನೋಡುತ್ತಾರೆ.

ನಿಮ್ಮ ಎಂಪಿ ಮಂತ್ರಿಯಾಗಿದ್ದರೆ ಸರ್ಕಾರಕ್ಕೆ ಪ್ರಶ್ನೆ ಹಾಕುವುದಿಲ್ಲ, ಪತ್ರ ಮಾತ್ರ ಬರೆಯುತ್ತಾರೆ. ಅಂಥ ಕಡೆ ಅಂಕಿಸಂಖ್ಯೆ ಬೇಕಾದರೆ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಅರ್ಜಿಯೇ ಸರಿ. ನಮ್ಮ ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ, ಭಾರತೀಯ ಪ್ರಜೆಯೇ ಆಗಿರಬೇಕು, 30 ದಿನ. ಇಲ್ಲಿ ಶುಲ್ಕವಿಲ್ಲ, ಯಾವ ದೇಶದವರೂ ಹಾಕಬಹುದು, 20 ಕೆಲಸದ ದಿನ.

ಇಲಾಖೆಯ ದೂರು ವಿಭಾಗದಲ್ಲೂ ನ್ಯಾಯ ಸಿಗದಿದ್ದಾಗ ಎಂಪಿ ಇಲ್ಲದೆ ಆಗದ ಕೆಲಸ ಒಂದಿದೆ. ಕೇಂದ್ರ ಇಲಾಖೆಗಳ ವಿರುದ್ಧ ದೂರು ವಿಚಾರಿಸುವ ಪಾರ್ಲಿಮೆಂಟರಿ ಓಂಬುಡ್ಸ್‌ಮನ್‌ಗೆ ದೂರು ಹೋಗಬೇಕಾದರೆ ಅದನ್ನು ಎಂಪಿಯೇ ಸಹಿ ಮಾಡಿ ಕಳಿಸಬೇಕು, ಅದೂ ತೊಂದರೆ ನಿಮ್ಮ ಗಮನಕ್ಕೆ ಬಂದ 12 ತಿಂಗಳೊಳಗೆ ದೂರು ಎಂಪಿಯ ಕೈ ಸೇರಿರಬೇಕು. ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ಸದನಕ್ಕೆ ರಜೆ ಇರುವುದರಿಂದ ಲಿಖಿತ ಪ್ರಶ್ನೆ ಹಾಕಿಸುವುದಿದ್ದರೆ ಜೂನ್ ಒಳಗೆ ಎಂಪಿ ಕಚೇರಿಗೆ ತಲುಪಿಸಿ. ಪತ್ರದ ಕೆಲಸ ರಜೆಯಲ್ಲೂ ನಡೆಯುತ್ತದೆ.