‘ಏಕಾಏಕಿ’ಗೆ ಮೂರು ಸೆಕೆಂಡ್ ಮೊದಲು

ಅಪಘಾತದ ಸುದ್ದಿಗಳಲ್ಲಿ ತಪ್ಪದೆ ಸಿಗುವ ಪದ ‘ಏಕಾಏಕಿ’. ಸ್ಕೂಟರ್ ಏಕಾಏಕಿ ತಿರುಗಿತು, ಮಗು ಏಕಾಏಕಿ ಅಡ್ಡ ಬಂತು, ಎದುರಿನ ಬಸ್ಸು ಏಕಾಏಕಿ ನಿಂತಿತು. ಆದರೆ ರಸ್ತೆಯಲ್ಲಿ ನಿಜವಾಗಿ ಏಕಾಏಕಿ ಆಗುವುದು ತೀರ ಕಡಿಮೆ. ಸ್ಕೂಟರಿನ ಮುಂಚಕ್ರ ಮೊದಲೇ ವಾಲಿರುತ್ತದೆ, ಮಗುವಿನ ಕಾಲು ಬಸ್ಸಿನಡಿ ಕಂಡಿರುತ್ತದೆ, ಬಸ್ಸಿಗೆ ಮುಂದೆ ಯಾರೋ ಕೈ ತೋರಿಸಿರುತ್ತಾರೆ. ಈ ಸುಳಿವು ಹಿಡಿಯುವುದು ಕಲಿತರೆ ಬರುವ ವಿದ್ಯೆ. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸ್ ಪರೀಕ್ಷೆಯಲ್ಲೇ ಇದಕ್ಕೊಂದು ಭಾಗವಿದೆ. 14 ವಿಡಿಯೊ ತುಣುಕುಗಳನ್ನು ತೋರಿಸುತ್ತಾರೆ. ಅಪಾಯ ಮೊಳೆಯುತ್ತಿರುವಾಗಲೇ ಮೌಸ್ ಒತ್ತಿದವರಿಗೆ ಹೆಚ್ಚು ಅಂಕ. ನಮ್ಮಲ್ಲಿ ಎಂಟು ಹಾಕಿ ತೋರಿಸಿದರೆ ಬೈಕಿನ ಪರೀಕ್ಷೆ ಹೆಚ್ಚುಕಡಿಮೆ ಮುಗಿದಂತೆ. ಉಳಿದದ್ದನ್ನು ನಾವೇ ಕಲಿತುಕೊಳ್ಳಬೇಕು.

ಮೊದಲ ಹೆಜ್ಜೆ: ಕಣ್ಣನ್ನು ನಂಬಬೇಡಿ

ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ನಮ್ಮ ಕಣ್ಣಿಗೆ ತೀರ ಸ್ಪಷ್ಟವಾಗಿ ಕಾಣುವುದು ಅದರ ಉಗುರಿನ ಅಗಲದಷ್ಟು ಜಾಗ ಮಾತ್ರ, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ಮಿದುಳು ಆ ನಡುವಿನ ದೃಶ್ಯವನ್ನೇ ಅಳಿಸಿಬಿಡುತ್ತದೆ. ಮಂಗಳೂರಿನ ನಂತೂರು ಜಂಕ್ಷನ್ನಿನಲ್ಲೋ ಕೆಪಿಟಿ ಜಂಕ್ಷನ್ನಿನಲ್ಲೋ ತಲೆಯನ್ನು ಸರಕ್ಕನೆ ಆಚೀಚೆ ತಿರುಗಿಸಿದವನಿಗೆ ಬೈಕ್ ಕಾಣದೆ ಹೋಗುವುದು ಹೀಗೆ. ಅವನು ಸುಳ್ಳು ಹೇಳುತ್ತಿಲ್ಲ, ನೋಡಿದ್ದಾನೆ. ಬೈಕ್ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಹಾಗಾಗಿ ಬಲ, ಎಡ, ಮತ್ತೆ ಬಲ ನೋಡಿ. ಪ್ರತಿ ಬದಿಯಲ್ಲೂ ದೂರ, ನಡು, ಹತ್ತಿರ ಎಂದು ಮೂರು ಕಡೆ ಕಣ್ಣನ್ನು ಅರೆಕ್ಷಣ ನಿಲ್ಲಿಸಿ. ಕಾರಿನಲ್ಲಿದ್ದರೆ ಮುಂಗಾಜಿನ ಪಕ್ಕದ ಕಂಬದ ಹಿಂದೆ ಇಡೀ ಬೈಕ್ ಅಡಗುತ್ತದೆ. ಬೆನ್ನನ್ನು ಸ್ವಲ್ಪ ಮುಂದೆ ಹಿಂದೆ ಆಡಿಸಿದರೆ ಹೊರಬರುತ್ತದೆ. ಇನ್ನೊಂದು ವಿಚಿತ್ರವಿದೆ. ನಿಮ್ಮ ಗಾಜಿನ ಮೇಲೆ ಜಾಗ ಬದಲಿಸುತ್ತಾ ಹೋಗುವ ವಾಹನ ನಿಮಗೆ ತಾಗುವುದಿಲ್ಲ. ಗಾಜಿನ ಅದೇ ಬಿಂದುವಿನಲ್ಲಿ ಕದಲದೆ ನಿಂತು, ಮೆಲ್ಲಗೆ ದೊಡ್ಡದಾಗುತ್ತಿರುವುದೇ ಡಿಕ್ಕಿಯ ದಾರಿಯಲ್ಲಿರುವುದು. ಕದಲದ ವಸ್ತು ಕಣ್ಣನ್ನು ಸೆಳೆಯುವುದೇ ಇಲ್ಲ.

ಎರಡನೆಯದು: ಲೆಕ್ಕ

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ 25 ಮೀಟರ್ ಹೋಗಿಯಾಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೂ ಸುಮಾರು 20, ಮಳೆಯಲ್ಲಿ 35 ಮೀಟರ್. ಒಟ್ಟು 45 ಅಥವಾ 60. ಅದೇ 40 ಕಿ.ಮೀ. ವೇಗದಲ್ಲಿ ಮಳೆಯಲ್ಲೂ 33 ಮೀಟರಿನೊಳಗೆ ನಿಲ್ಲಬಹುದು. ಟಯರ್ ಸವೆದಿದ್ದರೆ ಈ ಲೆಕ್ಕ ಬಿಟ್ಟುಬಿಡಿ.

ಮುಂದಿನ ವಾಹನ ಒಂದು ಕಂಬ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಕಂಬಕ್ಕೆ ತಲುಪಿದರೆ ಅಂತರ ಸಾಲದು. ಮಳೆಯಲ್ಲಿ ನಾಲ್ಕರವರೆಗೆ ಎಣಿಸಿ. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ, ನಿಜ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಮೂರನೆಯದು: ಬಸ್ಸನ್ನು ಓದುವುದು

ಕರಾವಳಿಯಲ್ಲಿ ಇದನ್ನು ಕಲಿತರೆ ಅರ್ಧ ಕೆಲಸ ಆದಂತೆ. ಸರ್ವಿಸ್ ಬಸ್ಸು ಟೈಮಿಂಗಿಗೆ ಓಡುತ್ತದೆ. ಬೇಗ ಹೋಗಬೇಕು, ಆದರೆ ಕೈ ತೋರಿಸಿದವರನ್ನೂ ಬಿಡುವಂತಿಲ್ಲ. ಹಾಗಾಗಿ ಬಸ್ಸಿನ ಹಿಂದಿರುವವರು ಬ್ರೇಕ್ ಲೈಟಿಗೆ ಕಾಯಬಾರದು. ಮುಂದಿನ ಸ್ಟಾಪಿನಲ್ಲಿ ಚೀಲ ಎತ್ತಿಕೊಂಡವರು, ರಸ್ತೆಯಂಚಿಗೆ ಬಂದವರು, ಫುಟ್‌ಬೋರ್ಡಿಗೆ ಇಳಿದ ಕಂಡಕ್ಟರ್, ಸೀಟಿಯ ಸದ್ದು, ಇವೆಲ್ಲ ಬ್ರೇಕ್ ಲೈಟಿಗಿಂತ ಮೊದಲು ಬರುತ್ತವೆ. ಬಸ್ಸು ಪೂರ್ತಿ ಎಡಕ್ಕೆ ಸರಿಯುತ್ತದೆ ಎಂದುಕೊಳ್ಳಬೇಡಿ. ಅರ್ಧ ಬಸ್ಸು ರಸ್ತೆಯಲ್ಲೇ ಉಳಿಯುತ್ತದೆ, ಹಿಂದಿನ ಸ್ಕೂಟರ್ ತಟ್ಟನೆ ಬಲಕ್ಕೆ ಬರುತ್ತದೆ. ನಿಮ್ಮ ಮುಂದಿನ ಅಪಾಯ ಬಸ್ಸಲ್ಲ, ಆ ಸ್ಕೂಟರ್.

ನಿಂತ ಬಸ್ಸನ್ನು ದಾಟುವಾಗ ಅದರ ಅಡಿಯಿಂದ ಕಾಲುಗಳು ಕಾಣುತ್ತವೆಯೇ ನೋಡಿ. ಕಂಡರೆ ಬಸ್ಸಿನ ಮೂತಿಯ ಹತ್ತಿರ ಒಬ್ಬರು ರಸ್ತೆ ದಾಟಲು ಹೊರಟಿದ್ದಾರೆ ಎಂದೇ ಅರ್ಥ. ಇಳಿದವರಿಗೂ ಒಂದು ಮಾತು: ಬಸ್ಸು ಹೋಗುವವರೆಗೆ ನಿಲ್ಲಿ. ಬಸ್ಸಿನ ಎದುರಿನಿಂದ ದಾಟುವಾಗ, ಅದನ್ನು ಓವರ್‌ಟೇಕ್ ಮಾಡುವವರಿಗೆ ನೀವು ಕಾಣುವುದು ಕೊನೆಯ ಒಂದು ಮೀಟರಿನಲ್ಲಿ ಮಾತ್ರ.

ಹೆದ್ದಾರಿ 66ರಲ್ಲಿ

ಪಡುಬಿದ್ರಿ, ಕಾಪು, ಕಟಪಾಡಿ ಕಡೆ ಡಿವೈಡರ್ ತೆರೆದಿರುವಲ್ಲೆಲ್ಲ ತಿರುಗಲು ಕಾದಿರುವ ವಾಹನದ ಮುಂಚಕ್ರವನ್ನು ನೋಡಿ, ಸವಾರನ ಮುಖವನ್ನಲ್ಲ. ಮುಖ ನಿಮ್ಮ ಕಡೆಗಿದ್ದರೂ ಚಕ್ರ ಹೊರಟಿರಬಹುದು. ದೂರದ ಯು-ಟರ್ನಿಗೆ ಹೋಗಲು ಬೇಸರಪಟ್ಟು ಅಂಚಿನಲ್ಲೇ ರಾಂಗ್ ಸೈಡ್ ಬರುವವರು ಇದ್ದೇ ಇದ್ದಾರೆ. ಒಳರಸ್ತೆಯಿಂದ ಎಡಕ್ಕೆ ಹೆದ್ದಾರಿ ಸೇರುವವರು ಬಲಕ್ಕೆ ಮಾತ್ರ ನೋಡುವುದು ರೂಢಿ. ಹೊರಡುವ ಮೊದಲು ಒಮ್ಮೆ ಎಡಕ್ಕೂ ನೋಡಿ. ಗ್ಯಾಸ್ ಟ್ಯಾಂಕರ್ ಎಡಕ್ಕೆ ತಿರುಗುವಾಗ ಅದರ ಹಿಂಚಕ್ರಗಳು ಮುಂಚಕ್ರಗಳ ದಾರಿಯಲ್ಲಿ ಹೋಗದೆ ಒಳಗೆ ಕತ್ತರಿಸಿಕೊಂಡು ಬರುತ್ತವೆ. ಟ್ಯಾಂಕರಿನ ಎಡಗಡೆ ಸೈಕಲಿಗೆ ಎಷ್ಟು ಜಾಗ ಕಂಡರೂ ಅದು ಮುಚ್ಚಿಹೋಗುವ ಜಾಗ.

ಮಳೆ ಶುರುವಾದರೆ

ಜೂನಿನ ಧಾರಾಕಾರ ಮಳೆಗಿಂತ ಮೊದಲ ಹತ್ತು ನಿಮಿಷದ ಹನಿ ಹೆಚ್ಚು ಜಾರಿಸುತ್ತದೆ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಆಗ ಪಸೆಯಾಗುತ್ತದೆ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜಾಯಿಂಟ್, ಗುಡ್ಡೆಯಿಂದ ಇಳಿದ ಕೆಂಪು ಮಣ್ಣು, ಮರದ ನೆರಳಿನಂಚಿನ ಪಾಚಿ, ಇವುಗಳ ಮೇಲೆ ಬೈಕನ್ನು ವಾಲಿಸಬೇಡಿ, ಬ್ರೇಕನ್ನೂ ಹಿಡಿಯಬೇಡಿ. ಮೀನಿನ ಲಾರಿಯ ಹಿಂದೆ ಒಣ ದಿನವೂ ಒದ್ದೆ ಗೆರೆ ಇರುತ್ತದೆ. ಮಲ್ಪೆ ರಸ್ತೆಯ ಸವಾರರಿಗೆ ಈ ಮಾತು ಹೇಳಬೇಕಾಗಿಲ್ಲ. ವಾಸನೆ ಬಂದಾಗಲೇ ನಿಧಾನಿಸುತ್ತಾರೆ.

ನೀರು ತುಂಬಿದ ಹೊಂಡದ ಆಳ ಮೇಲಿಂದ ಗೊತ್ತಾಗುವುದಿಲ್ಲ. ಮುಂದಿನ ವಾಹನದ ಚಕ್ರ ಎಷ್ಟು ಕುಸಿಯಿತು ಎಂಬುದೇ ಅಳತೆಗೋಲು. ನಡೆಯುವವರು ನೀರು ಸುತ್ತಿ ಸುಳಿಯುವ ಜಾಗಕ್ಕೆ ಕಾಲಿಡಬಾರದು, ಚರಂಡಿಯ ಚಪ್ಪಡಿ ಕಳಚಿದ್ದೀತು. ಕೊಡೆಯನ್ನು ಮಳೆಯ ದಿಕ್ಕಿಗೆ ವಾಲಿಸಿದರೆ ಆ ಕಡೆಯ ರಸ್ತೆ ಪೂರ್ತಿ ಮರೆ. ದಾಟುವಾಗಲಾದರೂ ಮೇಲೆತ್ತಿ, ತಲೆ ನೆನೆಯಲಿ.

ನಡೆಯುವವರು, ಸೈಕಲಿನವರು

ಫುಟ್‌ಪಾತ್ ಇಲ್ಲದಲ್ಲಿ ರಸ್ತೆಯ ಬಲಬದಿಯಲ್ಲಿ, ಬರುವ ವಾಹನಗಳಿಗೆ ಮುಖ ಮಾಡಿ ನಡೆಯಿರಿ. ಕುರುಡು ತಿರುವಿನಲ್ಲಿ ಮಾತ್ರ ಹೆಚ್ಚು ದೂರದಿಂದ ಕಾಣುವ ಹೊರಬದಿಗೆ ಹೋಗಿ. ಸೈಕಲಿನವರು ನಿಂತ ಕಾರುಗಳಿಂದ ಒಂದು ಮೀಟರ್ ದೂರ ಇರಲಿ. ಕಾರೊಳಗೆ ತಲೆ ಕಂಡರೆ, ಈಗಷ್ಟೇ ಲೈಟ್ ಆರಿದ್ದರೆ ಬಾಗಿಲು ತೆರೆಯಬಹುದು. ಕಾರಿನವರು ಬಲಬಾಗಿಲನ್ನು ಎಡಗೈಯಿಂದ ತೆರೆದರೆ ಮೈ ತಾನಾಗಿ ತಿರುಗಿ ಹಿಂದಿನ ರಸ್ತೆ ಕಣ್ಣಿಗೆ ಬೀಳುತ್ತದೆ.

ಸಂಜೆ ಮಣಿಪಾಲದಿಂದ ಉಡುಪಿಗೆ ಇಳಿಯುವವರಿಗೆ ಸೂರ್ಯ ನೇರ ಕಣ್ಣಿಗೆ. ಎದುರು ಹತ್ತುತ್ತಿರುವವರು ತಮ್ಮ ನೆರಳನ್ನು ನೋಡಿಕೊಳ್ಳಲಿ: ಅದು ಮುಂದೆ ಉದ್ದಕ್ಕೆ ಬಿದ್ದಿದ್ದರೆ ಇಳಿಯುತ್ತಿರುವವರಿಗೆ ತಾವು ಕಾಣುತ್ತಿಲ್ಲ. ರಾತ್ರಿ ಎದುರಿನ ಹೈಬೀಮ್ ಕುಕ್ಕಿದರೆ ನೋಟವನ್ನು ರಸ್ತೆಯ ಎಡ ಅಂಚಿನ ಗೆರೆಗೆ ಇಳಿಸಿ. ಯಕ್ಷಗಾನ ಮೇಳಗಳ ತಿರುಗಾಟದ ಕಾಲದಲ್ಲಿ, ಅಂದರೆ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ, ಇನ್ನೊಂದು ಸೂಚನೆ ಉಂಟು: ದೂರದಲ್ಲಿ ಟ್ಯೂಬ್‌ಲೈಟ್ ಸಾಲು, ಚೆಂಡೆಯ ಸದ್ದು, ರಸ್ತೆಬದಿಯಲ್ಲಿ ಬೈಕುಗಳು. ಆಟ ಮುಗಿಯುವ ಹೊತ್ತಾದರೆ ನಿದ್ದೆಗಣ್ಣಿನ ಜನ ರಸ್ತೆಗಿಳಿಯುತ್ತಾರೆ.

ಅಭ್ಯಾಸ ಹೀಗೆ

ಒಂದು ವಾರ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ದಿನಕ್ಕೆ ಐದು ನಿಮಿಷ, ಮುಂದೆ ಏನಾಗುತ್ತದೆಂದು ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಆ ರಿಕ್ಷಾ ನಿಲ್ಲುತ್ತದೆ, ಆ ಅಜ್ಜಿ ದಾಟುತ್ತಾರೆ.’ ಎಷ್ಟು ಸರಿ ಬಂತು ಎಂದು ಎಣಿಸಿ. ಬಳಿಕ ಸ್ವಂತ ವಾಹನದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋಗಿ. ಮಾತು ಹಿಂದೆ ಬಿದ್ದರೆ ವೇಗ ಇಳಿಸಿ, ಮತ್ತೆ ಹೊಂದುತ್ತದೆ. ಮಂಗಳೂರಿನ ನಡುಮಧ್ಯದ ಹಂಪನಕಟ್ಟೆಯಲ್ಲಿ ಮಾತ್ರ ಶುರು ಮಾಡಬೇಡಿ. ಅಲ್ಲಿ ಎಷ್ಟು ನಿಧಾನಿಸಿದರೂ ಬಾಯಿ ಸಾಲದು.